ಟವೆಲ್ ಮಡಚುವ ಗಂಡ

ಗಂಡ ಕುಡಿತ ಬಿಟ್ಟ ಮೇಲೆ ಅವಳಿಗೆ ಹೊಟ್ಟೆಕಿಚ್ಚು ಶುರುವಾಯಿತು. ಅದೂ ಇನ್ನೊಬ್ಬ ಹೆಂಗಸಿನ ಮೇಲಲ್ಲ, ಕಟಿಂಗ್ ಅಂಗಡಿಯವನ ಮೇಲೆ.

ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿ ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು, "ಇದು ಕಾಯಿಲೆ ಕಣಮ್ಮ, ಸಕ್ಕರೆ ಕಾಯಿಲೆ ಇದ್ದ ಹಾಗೆ" ಎಂದಿದ್ದರು.

"ಸಕ್ಕರೆ ಕಾಯಿಲೆ ಬಂದೋನು ಹೆಂಡ್ತಿ ಹೊಲಿಗೆ ಮಿಷನ್ ಮಾರ್ಕೊಂಡು ಬರ್ತಾನಾ ಸಾರ್?" ಎಂದು ಇವಳು ಕೇಳಿದಾಗ ಡಾಕ್ಟರು ಕನ್ನಡಕ ಒರೆಸಿಕೊಂಡರು. ಅತ್ತೆ ಮಾತ್ರ ಕಾಯಿಲೆ ಎಂಬ ಆ ಒಂದು ಪದವನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದಳು. ನಿನ್ನೆಯವರೆಗೆ "ಹಾಳಾದೋನು" ಆಗಿದ್ದವನು "ಪಾಪ, ಹುಷಾರಿಲ್ಲದ ಮಗು" ಆದ. ಮೊದಲ ಲೋಟ ಹಾಲು ಅವನಿಗೆ, ಕಿಟಕಿ ಪಕ್ಕದ ಹಾಸಿಗೆ ಅವನಿಗೆ. ಇಷ್ಟು ವರ್ಷ ಬಾಡಿಗೆ ಮಿಷನ್ ತುಳಿದು ಮನೆ ನಡೆಸಿದವಳಿಗೆ ಯಾವ ಕಾಯಿಲೆಯ ಹೆಸರೂ ಸಿಗಲಿಲ್ಲ.

ಅದನ್ನಾದರೂ ನುಂಗಿಕೊಂಡಳು. ನುಂಗಲಾಗದ್ದು ಕಟಿಂಗ್ ಅಂಗಡಿಯವನನ್ನು. ಅವನೂ ಹಳೆಯ ಕುಡುಕ. ಕುಡಿತ ಬಿಟ್ಟವರ ಗುಂಪಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಒಬ್ಬನಿಗೆ ಕುಡಿಯಬೇಕೆನ್ನಿಸಿದರೆ ಇನ್ನೊಬ್ಬನಿಗೆ ಫೋನು ಮಾಡಬೇಕು, ಅವನು ಇದ್ದ ಕೆಲಸ ಬಿಟ್ಟು ಬರಬೇಕು. ಇವಳ ಗಂಡನಿಗೆ ಸಿಕ್ಕ ಜೋಡಿ ಅವನು. ಲೇತ್ ಕೆಲಸ ಮುಗಿದ ಕೂಡಲೇ ಗಂಡ ಅಲ್ಲಿಗೇ ಹೋಗುತ್ತಿದ್ದ.

ಒಂದು ಸಂಜೆ ಗುಂಡಿ, ದಾರ ತರಲು ಹೊರಟವಳು ಕಟಿಂಗ್ ಅಂಗಡಿಯ ಗಾಜಿನ ಬಾಗಿಲಾಚೆ ಕಂಡಳು: ಗಂಡ ಸ್ಟೂಲಿನ ಮೇಲೆ ಕೂತು, ಒಗೆದ ಟವೆಲ್‌ಗಳನ್ನು ಮೂಲೆಗೆ ಮೂಲೆ ಸೇರಿಸಿ ಮಡಚುತ್ತಿದ್ದಾನೆ. ಮನೆಯಲ್ಲಿ ಬಿದ್ದ ಅಂಗಿ ಎತ್ತದವನು! ಕಟಿಂಗ್ ಅಂಗಡಿಯವನು ಏನೋ ಹೇಳಿದ, ಇಬ್ಬರೂ ಬಿದ್ದು ಬಿದ್ದು ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು.

ಮನೆಗೆ ಬಂದ ಗಂಡ ಬಾಗಿಲಲ್ಲೇ ಬಾಯಿ ತೆರೆದು ನಿಂತ. ಅವನು ತೆರೆಯುವುದು, ಇವಳು ಮೂಸುವುದು ಹಳೆಯ ರೂಢಿ.

"ಮುಚ್ಚು ಬಾಯಿ," ಎಂದಳು. "ಮಗಳ ಮೇಲೆ ಆಣೆ ಹಾಕಿಸ್ದೆ, ನಿನ್ ಕಾಲು ಹಿಡ್ಕೊಂಡೆ. ಬಿಡ್ಲಿಲ್ಲ. ಆ ಕತ್ತರಿ ಹಿಡಿಯೋನು ಹೇಳಿದ್ ತಕ್ಷಣ ಬಿಟ್ಯಲ್ಲ, ಅವನತ್ರ ಅಂಥಾದ್ದೇನಿದೆ?"

"ಬಿಡು ಅಂತ ಅವನು ಒಂದ್ಸಲಾನೂ ಹೇಳಿಲ್ಲ ಕಣೇ."

"ಮತ್ತೆ?"

"ಕುಡೀಬೇಕು ಅನ್ನಿಸ್ತಿದೆ ಅಂದ್ರೆ ನೀನು ಅಳ್ತೀಯ. ಅವನು, 'ನಂಗೂ ಅನ್ನಿಸ್ತಿದೆ, ಕೂತ್ಕೋ' ಅಂತಾನೆ. ಇದು ಕಾಯಿಲೆ. ನಿನ್ ಮೇಲೆ ಪ್ರೀತಿ ಇಲ್ದೆ ಅಲ್ಲ..."

"ಕಾಯಿಲೆ ಅಂತೆ ಕಾಯಿಲೆ!"

ಕಾಯಿಲೆಯೆಂದು ಒಪ್ಪಿಕೊಂಡರೆ ಅಷ್ಟು ವರ್ಷ ಅವಳು ಉರಿದದ್ದು ಯಾರ ಮೇಲೆ? ಅಲ್ಲವೆಂದರೆ, ಅವನು ಬೇಕೆಂದೇ ಹೆಂಡತಿಗಿಂತ ಬಾಟಲಿ ಮೇಲು ಅಂದುಕೊಂಡಿದ್ದ. ಈಗ ಹೆಂಡತಿಗಿಂತ ಕಟಿಂಗ್ ಅಂಗಡಿಯವನು ಮೇಲು. ಎರಡು ಕಡೆಯಿಂದಲೂ ಅವಳಿಗೇ ಸೋಲು.

ಭಾನುವಾರ ಮಧ್ಯಾಹ್ನ ಗಂಡ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನು ಬಡಿದುಕೊಂಡಿತು. ಎತ್ತಿದಳು.

"ಅಕ್ಕಾ... ಅಣ್ಣ ಇಲ್ವಾ?" ಕಟಿಂಗ್ ಅಂಗಡಿಯವನ ಧ್ವನಿ ನಡುಗುತ್ತಿತ್ತು. "ಸ್ವಲ್ಪ ಕಳಿಸ್ತೀರಾ? ಮಾರ್ಕೆಟ್ ಹಿಂದಿನ ಬಾರ್ ಮುಂದೇನೇ ನಿಂತಿದೀನಿ."

ಬಚ್ಚಲಲ್ಲಿ ನೀರು ಸುರಿಯುವ ಸದ್ದು. "ಇಲ್ಲ, ಎಲ್ಲೋ ಹೋಗಿದಾರೆ," ಎಂದು ಫೋನಿಟ್ಟಳು. ಎದೆ ತಣ್ಣಗಾಯಿತು. ಕುಡಿಯಲಿ. ಅವನ ಯೋಗ್ಯತೆಯೂ ಇಷ್ಟೇ ಎಂದು ಗಂಡನಿಗೆ ಗೊತ್ತಾಗಲಿ.

ಆ ತಂಪು ಹೆಚ್ಚು ಹೊತ್ತು ನಿಲ್ಲಲಿಲ್ಲ. ಆ ನಡುಕ ಅವಳಿಗೆ ಹೊಸದಲ್ಲ. ಕುಡಿದದ್ದು ಇಳಿದ ಬೆಳಗಿನ ಹೊತ್ತು ಗಂಡ ಲೋಟ ಹಿಡಿಯಲಾಗದೆ ಹಲ್ಲಿಗೆ ಬಡಿಸಿಕೊಂಡು ಮಾತಾಡುತ್ತಿದ್ದದ್ದು ಹೀಗೆಯೇ. ಆಗೆಲ್ಲ ನಾಟಕ ಅಂದುಕೊಂಡಿದ್ದಳು. ಈ ಕಟಿಂಗ್ ಅಂಗಡಿಯವನು ಅವಳ ಮುಂದೆ ಯಾಕೆ ನಾಟಕ ಆಡಬೇಕು?

ಗಂಡ ಹೊರಬಂದ.

"ಅವನು ಫೋನ್ ಮಾಡಿದ್ದ. ಮಾರ್ಕೆಟ್ ಹಿಂದೆ, ಬಾರ್ ಮುಂದೆ ನಿಂತಿದಾನಂತೆ. ನೀನಿಲ್ಲ ಅಂದೆ."

"ಯಾಕೆ?"

"ಹೊಟ್ಟೆಕಿಚ್ಚಿಗೆ."

ಅವನು ಒದ್ದೆ ಮೈಗೇ ಅಂಗಿ ಸಿಕ್ಕಿಸಿಕೊಂಡು, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಓಡಿದ. ಅವಳು ಬಾಗಿಲಿಗೆ ಬಂದು ನಿಂತಳು. ಹೆರಿಗೆ ನೋವಿನಲ್ಲಿ ಗಾಡಿ ತರಲು ಕಳಿಸಿದರೆ ದಾರಿಯಲ್ಲೇ ಕುಡಿಯುತ್ತ ಕೂತಿದ್ದವನು, ಈಗ ಬೀದಿಯ ಜನ ತಿರುಗಿ ನೋಡುವ ಹಾಗೆ ಓಡುತ್ತಿದ್ದ. ಬೇಗ ತಲುಪಲಿ ಅನ್ನಿಸಿತು. ತನಗಾಗಿ ಒಂದು ಸಲವೂ ಹೀಗೆ ಓಡಲಿಲ್ಲವಲ್ಲ ಎಂಬ ಉರಿ ಮಾತ್ರ ಆರಲಿಲ್ಲ.

"ಸಂದಿಯಲ್ಲಿ ಹೋಗು, ಹತ್ರ ಆಗತ್ತೆ!" ಎಂದು ಹಿಂದಿನಿಂದ ಕೂಗಿದಳು. ಗಂಡನನ್ನು ಹುಡುಕಿ ಹುಡುಕಿ, ಬಾರಿಗೆ ಹೋಗುವ ಒಳದಾರಿಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು.