ಹತ್ತೊಂಬತ್ತು ದಿನದ ಪರಿಚಯ

ವಿಶಾಖಪಟ್ಟಣದ ಕನ್ನಡ ಸಂಘದವರು ವಾರ್ಷಿಕೋತ್ಸವಕ್ಕೆ ಹಳೆಯ ವಿಲಾಯಿತಿ ದುರಂತ ನಾಟಕವೊಂದನ್ನು ಎತ್ತಿಕೊಂಡರು. ಕಣ್ಣು ಕೂಡಿದ ವಾರದೊಳಗೇ ಮದುವೆಯಾಗಿ, ಆ ಆತುರಕ್ಕೇ ಬಲಿಯಾಗುವ ಇಬ್ಬರು ಎಳೆಯರ ಕಥೆ. ನಾಯಕಿಯ ಬಾಯಿಬಡುಕಿ ದಾದಿಯ ಪಾತ್ರ ಧಾರವಾಡದ ಇಂದಿರಮ್ಮನಿಗೆ ಸಿಕ್ಕಿತು. ಪ್ರೇಮಿಗಳಿಗೆ ಬುದ್ಧಿ ಹೇಳುವ ಸನ್ಯಾಸಿ, ಆಕೆಯ ಗಂಡ ಇಂದುಧರ.

ನಾಯಕಿಯಾದವಳು ವಿಜಯವಾಡದ ಹಿಮಬಿಂದು, ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಕೆಲಸ. ತೀರಿಹೋದ ತಾಯಿಯಿಂದ ಬಂದ ಅವಳ ಕನ್ನಡವನ್ನು ಇಂದಿರಮ್ಮನೇ ಸಾಲು ಸಾಲಾಗಿ ತಿದ್ದಿದಳು. ನಾಯಕ ಪೃಥ್ವೀರಾಜ್, ಹಾಸನದ ಕಡೆಯ ನೌಕಾಪಡೆ ಹುಡುಗ. ಎರಡನೆಯ ವಾರಕ್ಕೆ ಅವರಿಬ್ಬರ ಮಾತು ಬರೀ ನಾಟಕದ್ದಾಗಿ ಉಳಿಯಲಿಲ್ಲ.

ಒಂದು ಸಂಜೆ ತಾಲೀಮಿನ ನಡುವೆ, ಚಹಾದ ಹೊತ್ತಿಗೆ, ಹುಡುಗಿ ಗಂಡಹೆಂಡಿರ ಬಳಿ ಬಂದಳು. "ಆಂಟೀ, ಭಾನುವಾರ ನಾನ್ನ, ಅದೇ ನಮ್ಮಪ್ಪ, ಬೇರೆ ಸಂಬಂಧ ಖಾಯಂ ಮಾಡ್ತಾರಂತೆ. ನಾಳೆನೇ ಮದುವೆ ಆಗೋಣ ಅಂತಿದಾರೆ ಪೃಥ್ವಿ. ಏನ್ ಮಾಡ್ಲಿ?"

"ಆರ್ ತಿಂಗಳು ತಡೀ ತಂಗಿ," ಎಂದ ಇಂದುಧರ. "ಸಿಟ್ಟು ಬಂದಾಗ ಅವ ಹ್ಯಾಂಗಿರ್ತಾನ, ಅದನ್ನಾರ ನೋಡು."

ಇಂದಿರಮ್ಮ ಸೊಂಟಕ್ಕೆ ಕೈಯಿಟ್ಟು ದಾದಿಯ ದನಿ ತೆಗೆದಳು. "ಸನ್ಯಾಸಿ ಮಾತು ಕೇಳಿದ್ರ ಸನ್ಯಾಸಿನ ಆಗ್ತಿ! ರೊಟ್ಟಿ ಬಿಸಿ ಇದ್ದಾಗನ ತಿನ್ನಬೇಕವ್ವಾ, ಆರಿದ್ದು ಹಲ್ಲಿಗೆ ಬರೂದಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮರುದಿನ ಬೆಳಿಗ್ಗೆ ಇಬ್ಬರೂ ಗುಡಿಯಲ್ಲಿ ಹಾರ ಬದಲಾಯಿಸಿಕೊಂಡು, ಅವಳ ಅಪ್ಪನ ಕಾಲಿಗೆ ಬೀಳಲು ಬೈಕಿನಲ್ಲೇ ವಿಜಯವಾಡಕ್ಕೆ ಹೊರಟರು. ಗನ್ನವರಂ ಹತ್ತಿರ, ನಿಂತ ಲಾರಿಯ ಹಿಂಬದಿಗೆ ಬೈಕು ಹೊಡೆಯಿತು. ಪೃಥ್ವೀರಾಜ್ ಅಲ್ಲೇ ಹೋದ. ಹಿಮಬಿಂದುವಿನ ಸೊಂಟ ಮುರಿಯಿತು. ತಾಲೀಮು ಶುರುವಾಗಿ ಅಂದಿಗೆ ಹತ್ತೊಂಬತ್ತು ದಿನ.

ತಿಂಗಳಾದ ಮೇಲೆ ಇಂದಿರಮ್ಮ ರೈಲು ಹತ್ತಿದಳು. ಹುಡುಗಿಯ ಅಪ್ಪ ಈಶ್ವರಯ್ಯನ ಮನೆ ಆಟೋನಗರ್‌ನಲ್ಲಿ, ಅವನ ಗ್ಯಾರೇಜಿನ ಹಿಂದೆಯೇ. ಕೂರುವ ಮೊದಲೇ ಆಕೆ ಹೇಳಿಬಿಟ್ಟಳು. "ಅಣ್ಣಾರ, ಹೋಗು ಅಂದಾಕಿ ನಾನ. ಚಾಷ್ಟಿ ಮಾಡ್ಲಿಕ್ಕೆ ಹೋಗಿ ಅಂದೆ."

ಈಶ್ವರಯ್ಯ ಬಹಳ ಹೊತ್ತು ಕೈಯ ಗ್ರೀಸು ಒರೆಸಿಕೊಂಡ. "ಒಂದು ಫೋನ್ ಸಾಲ್ತಿತ್ತಮ್ಮಾ. ನಾನು ವದ್ದು, ಬೇಡ ಅಂತ ಎಲ್ಲಿ ಹೇಳಿದ್ದೆ?" ಎಂದು ಹೊರಗೆ ನಡೆದ.

ಹಿಮಬಿಂದು ಮಲಗಿದ್ದಲ್ಲೇ ಮುಖ ತಿರುಗಿಸಿದಳು. "ಪೃಥ್ವಿ ಅಮ್ಮ ಫೋನ್ ಮಾಡಿದ್ರು ಆಂಟೀ. ಕೊನೇಲಿ ನನ್ ಮಗ ಏನ್ ತಿಂದ ಅಂದ್ರು. ಪೆಸರಟ್ಟು ಅಂದೆ. 'ಹೆಸರುಕಾಳು ಅವನಿಗೆ ಆಗ್ತಾನೇ ಇರ್ಲಿಲ್ವಲ್ಲಮ್ಮಾ' ಅಂತ ಅತ್ರು. ನಂಗೆ ಗೊತ್ತೇ ಇರ್ಲಿಲ್ಲ. ನಾನು ಕೊಡಿಸ್ದೆ, ಅವರು ನಗ್ತಾ ತಿಂದ್ರು."

ಇಂದಿರಮ್ಮ ಅಂದಿನ ರೈಲಿಗೆ ಹೊರಡಲಿಲ್ಲ. ಹುಡುಗಿ ಎದ್ದು ನಿಲ್ಲುವತನಕ ಇಲ್ಲೇ ಇರುತ್ತೇನೆಂದು ಗಂಡನಿಗೆ ಫೋನ್ ಮಾಡಿದಳು. ಈಶ್ವರಯ್ಯ ಇರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.