ವನಜಮ್ಮ ನೀರು ಹೊಯ್ದ ನಾಲ್ಕನೇ ಸಾಲು

ಕಾಫಿ ತೋಟ ಇರುವ ಮನೆಯವರಿಗೆ ಈ ಪಾಡು ಹೊಸದಲ್ಲ. ಗಿಡ ಸತ್ತು ಖಾಲಿ ಬಿದ್ದ ಜಾಗಕ್ಕೆಲ್ಲ ಜೂನ್ ತಿಂಗಳಲ್ಲಿ ಹೊಸ ಗಿಡ ನೆಡುತ್ತೇವೆ. ಮಳೆಗಾಲದಲ್ಲಿ ಅವು ಚೆನ್ನಾಗಿಯೇ ಚಿಗುರುತ್ತವೆ. ದೀಪಾವಳಿ ಹೊತ್ತಿಗೆ ನೋಡಿದರೆ ಕಣ್ಣು ತಣಿಯುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಅರ್ಧಕ್ಕರ್ಧ ಬರೀ ಕಡ್ಡಿ. ಮತ್ತೆ ಜೂನ್, ಮತ್ತೆ ಗುಂಡಿ, ಮತ್ತೆ ಗಿಡ.

ಕೊಪ್ಪದ ಹತ್ತಿರ ಕೃಷ್ಣಪ್ಪ, ವನಜಮ್ಮ ಎಂಬ ಗಂಡ ಹೆಂಡತಿ ಇದ್ದಾರೆ. ಅವರ ತೋಟದಲ್ಲೂ ಮೂರು ವರ್ಷ ಹೀಗೇ ಆಯಿತು. ಮಳೆ ಕಡಿಮೆ ಎನ್ನುವ ಹಾಗಿರಲಿಲ್ಲ. ಆಷಾಢದಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಸುರಿಯುತ್ತಿತ್ತು. ಕೈಕೊಟ್ಟಿದ್ದು ಕಾಫಿ ಹೂ ಅರಳಿಸುವ ಹೂಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಬರಬೇಕಾದ ಎರಡು ಹದ ಮಳೆ ಬರಲೇ ಇಲ್ಲ. ಕೆರೆಯಲ್ಲಿದ್ದ ನೀರು ಹಳೇ ಗಿಡಗಳಿಗೆ ಪಂಪಿನಿಂದ ಜೆಟ್ ಹೊಡೆದು ಹೂ ಬಿಡಿಸುವುದಕ್ಕೇ ಮುಗಿಯುತ್ತಿತ್ತು. ಗುಡ್ಡದ ನೆತ್ತಿಯ ಸಣ್ಣ ಗಿಡಗಳನ್ನು ಕೇಳುವವರು ಯಾರು?

ಹೀಗಿರುವಾಗ ಕಾಫಿ ಸಂಶೋಧನಾ ಕೇಂದ್ರದ ಕಡೆಯಿಂದ ಶಿಲ್ಪಶ್ರೀ ಎಂಬ ಹುಡುಗಿ ಸ್ಕೂಟರಿನಲ್ಲಿ ಅವರ ಮನೆಗೆ ಬಂದಳು. ತೋಟ ತೋಟ ಸುತ್ತಿ ಗಿಡಗಳ ಲೆಕ್ಕ ಇಡುವುದು ಅವಳ ಕೆಲಸ. ಚಾವಡಿಯಲ್ಲಿ ಕೂತು ಅವಳು ಹೇಳಿದ ವಿಷಯ ಇಷ್ಟು. ನಮ್ಮ ರೋಬಸ್ಟಾ ಜಾತಿಯ ಕಾಫಿಯಲ್ಲಿ ಒಂದು ಗಿಡ ಫಸಲು ಚೆನ್ನಾಗಿ ಕೊಡುತ್ತದೆ, ಆದರೆ ಬಿಸಿಲು ತಡೆಯುವುದಿಲ್ಲ. ಇನ್ನೊಂದು ಬಿಸಿಲು ತಡೆಯುತ್ತದೆ, ಫಸಲು ಅಷ್ಟಕ್ಕಷ್ಟೇ. ಒಂದರ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಮುಟ್ಟಿಸಿ, ಆ ಕಾಯಿಯ ಬೀಜದಿಂದ ವಿಜ್ಞಾನಿಗಳು ಹೊಸ ಗಿಡ ಎಬ್ಬಿಸಿದ್ದಾರೆ. ಹೀಗೆ ಬೇರೆ ಬೇರೆ ಜೋಡಿಯಿಂದ ಬಂದ ಆರು ಬಗೆ ಇವೆ. ಅದರಲ್ಲಿ ಬೇಸಿಗೆಗೆ ನಿಜವಾಗಿ ನಿಲ್ಲುವುದು ಯಾವುದು ಎಂದು ರೈತರ ಮಣ್ಣಿನಲ್ಲಿ ನೆಟ್ಟೇ ನೋಡಬೇಕು. ನಾಲ್ಕು ಊರಿನ ನಾಲ್ಕು ತೋಟದಲ್ಲಿ ನೆಡುತ್ತೇವೆ, ನಿಮ್ಮದೂ ಒಂದಾಗಲಿ ಎಂದಳು.

ಕೃಷ್ಣಪ್ಪ ಕೂಡಲೇ ಒಪ್ಪಿದ. ಆದರೆ ಅವಳು ಹಾಕಿದ ಷರತ್ತು ವನಜಮ್ಮನಿಗೆ ಹಿಡಿಸಲಿಲ್ಲ. ಮೊದಲ ಬೇಸಿಗೆಯಲ್ಲಿ ಎಲ್ಲ ಗಿಡಕ್ಕೂ ಸಮನಾಗಿ ನೀರು ಕೊಡಬಹುದು. ಎರಡನೇ ಬೇಸಿಗೆಯಲ್ಲಿ ಮಾತ್ರ ಮಳೆ ಹಿಡಿಯುವವರೆಗೆ ಒಂದು ತಂಬಿಗೆ ನೀರನ್ನೂ ಹಾಕುವ ಹಾಗಿಲ್ಲ.

"ಕೆರೆಯಲ್ಲಿ ನೀರು ಇಟ್ಕೊಂಡು ಕಣ್ಣೆದುರಿಗೆ ಗಿಡ ಒಣಗಿಸೋದು ಎಂತ ವಿದ್ಯೆ, ಮೇಡಂ?" ಎಂದು ಕೇಳಿದಳು.

"ವನಜಮ್ಮ, ಅಂಗಡಿಯಲ್ಲಿ ಕೊಡಪಾನ ತಗೊಳ್ಳೋವಾಗ ನೀರು ತುಂಬಿಸಿ ನೋಡ್ತೀರಲ್ಲ. ಸೋರೋದು ಅಲ್ಲೇ ಗೊತ್ತಾದ್ರೆ ಒಳ್ಳೇದೋ, ಮನೆಗೆ ತಂದ ಮೇಲೆ ಗೊತ್ತಾದ್ರೆ ಒಳ್ಳೇದೋ?" ಎಂದಳು ಶಿಲ್ಪಶ್ರೀ.

ವನಜಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮನಸ್ಸು ಮಾತ್ರ ಒಪ್ಪಿರಲಿಲ್ಲ.

ಕೊಟ್ಟಿಗೆಯ ಹಿಂದಿನ ಇಳಿಜಾರಿನಲ್ಲಿ ಆರು ಸಾಲು ನೆಟ್ಟರು, ಸಾಲಿಗೆ ಹತ್ತು ಗಿಡ. ತೋಟದ ಕೆಲಸದ ಬೂತಪ್ಪ ಸಾಲಿಗೊಂದು ಗೂಟ ಹೊಡೆದು ನಂಬರ್ ಕಟ್ಟಿದ. ಒಂದು ವರ್ಷ ಎಲ್ಲ ಸುಖವಾಗಿ ಕಳೆಯಿತು. ಗಿಡಗಳು ಮೊಣಕಾಲು ದಾಟಿ ಬೆಳೆದವು.

ಎರಡನೇ ಬೇಸಿಗೆ ಬಂತು. ಮಾರ್ಚ್ ಕಳೆದರೂ ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ. ದಿನಕ್ಕೆ ನಾಲ್ಕು ಸಲ ಕೊಟ್ಟಿಗೆಗೆ ಹೋಗಿ ಬರುವ ವನಜಮ್ಮನಿಗೆ ಆ ಗಿಡಗಳನ್ನು ನೋಡದೆ ದಾಟಲು ದಾರಿಯೇ ಇರಲಿಲ್ಲ. ನಾಲ್ಕನೇ ಸಾಲಿನ ಎಲೆಗಳು ಬೆಳಿಗ್ಗೆ ಹತ್ತಕ್ಕೇ ಹಸುವಿನ ಕಿವಿಯ ಹಾಗೆ ಜೋತು ಬಿದ್ದಿರುತ್ತಿದ್ದವು. ಬಾಯಾರಿ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಂತೆ ಅವಳಿಗೆ ಸಂಕಟವಾಗುತ್ತಿತ್ತು. ಒಂದು ಮಧ್ಯಾಹ್ನ ಕೃಷ್ಣಪ್ಪ ಊಟ ಮಾಡಿ ಅಡ್ಡಾಗಿದ್ದಾಗ ಎರಡು ಕೊಡ ನೀರು ಹೊತ್ತು ತಂದು ನಾಲ್ಕನೇ ಸಾಲಿನ ಬುಡಕ್ಕೆ ಹಾಕಿಯೇಬಿಟ್ಟಳು. ಸಂಜೆ ನೋಡಿದರೆ ಎಲೆಗಳು ಎದ್ದು ನಿಂತಿದ್ದವು. ಅವಳ ಹೊಟ್ಟೆ ತಣ್ಣಗಾಯಿತು.

ಅಲ್ಲಿಂದ ಅದು ದಿನ ಬಿಟ್ಟು ದಿನದ ಕೆಲಸವಾಯಿತು. ಒಂದನೇ ಸಾಲು, ಆರನೇ ಸಾಲು ತೀರಾ ಬಾಡಿದ ದಿನ ಅವಕ್ಕೂ ಒಂದೊಂದು ಕೊಡ. ಬೇಲಿಯಾಚೆ ಸೊಪ್ಪು ಕೊಯ್ಯುತ್ತಿದ್ದ ಪಕ್ಕದ ಮನೆಯ ಶಾಂತಕ್ಕ ಇದನ್ನು ಕಂಡಳು. ವನಜಮ್ಮ ಷರತ್ತಿನ ವಿಷಯ ಹೇಳಿದಾಗ, ಎರಡು ಕೊಡ ನೀರಿಗೆ ಯಾವ ವಿಜ್ಞಾನವೂ ಮುಳುಗುವುದಿಲ್ಲ, ಜೀವ ಉಳಿಸಿದ ಪುಣ್ಯ ಬರುತ್ತದೆ ಎಂದು ಧೈರ್ಯ ಕೊಟ್ಟಳು.

ಮೇ ತಿಂಗಳ ಕೊನೆಯಲ್ಲಿ ಶಿಲ್ಪಶ್ರೀ ಬೇಸಿಗೆಯ ಕೊನೆಯ ಲೆಕ್ಕಕ್ಕೆ ಬಂದಳು. ಎಲೆ ಕಿತ್ತು ಸಣ್ಣ ತಕ್ಕಡಿಯಲ್ಲಿ ತೂಗಿದಳು, ಗಿಡದ ಎತ್ತರ ಅಳೆದಳು, ಪುಸ್ತಕದಲ್ಲಿ ಬರೆದುಕೊಂಡಳು. ನಾಲ್ಕನೇ ಸಾಲಿನ ಎದುರು ಅವಳ ಮುಖ ಅರಳಿತು. ಆರೂ ಸಾಲಿನಲ್ಲಿ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಹಸಿರು ಅದೇ. ಆಮೇಲೆ ಬೇರು ಹೋಲಿಸಿ ನೋಡಲು ಬೂತಪ್ಪನ ಕೈಯಲ್ಲಿ ಎರಡನೇ ಸಾಲಿನಿಂದ ಒಂದು, ನಾಲ್ಕನೇ ಸಾಲಿನಿಂದ ಒಂದು ಗಿಡ ಅಗೆಸಿದಳು. ಎರಡನೇ ಸಾಲಿನ ಬೇರು ಬೂತಪ್ಪನ ತೋಳುದ್ದ ಆಳಕ್ಕೆ ನೆಟ್ಟಗೆ ಇಳಿದಿತ್ತು. ನಾಲ್ಕನೆಯದರ ಬೇರು ಮೇಲೆ ಮೇಲೆಯೇ ಬಲೆಯ ಹಾಗೆ ಹರಡಿಕೊಂಡಿತ್ತು.

ಶಿಲ್ಪಶ್ರೀ ಬಹಳ ಹೊತ್ತು ಆ ಬೇರನ್ನೇ ನೋಡಿದಳು. ಬಿಸಿಲು ತಡೆಯುವ ಗಿಡದ ಬೇರು ಆಳಕ್ಕೆ ಇಳಿದಿರಬೇಕು, ಇಲ್ಲಿ ಎಲೆ ಒಂದು ಹೇಳುತ್ತದೆ, ಬೇರು ಇನ್ನೊಂದು ಹೇಳುತ್ತದೆ, ನನಗೆ ಅರ್ಥವಾಗುತ್ತಿಲ್ಲ ಎಂದಳು. ಆದರೂ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಈ ಸಾಲಿಗೆ ಒಳ್ಳೆಯ ಅಂಕ ಬಂದರೆ, ನೀರಿಲ್ಲದ ಗುಡ್ಡದ ತೋಟದವರಿಗೆ ಮೊದಲು ಇದನ್ನೇ ಪರೀಕ್ಷೆಗೆ ಕೊಡುತ್ತೇವೆ, ಸಿರಿಮನೆ ಕಡೆಯಿಂದ ಆಗಲೇ ಕೆಲವರು ಹೆಸರು ಬರೆಸಿದ್ದಾರೆ ಎಂದಳು.

ಕಾಫಿ ಲೋಟ ಹಿಡಿದು ಬಂದಿದ್ದ ವನಜಮ್ಮ ಅಲ್ಲೇ ನಿಂತಳು. ಸಿರಿಮನೆ ಅವಳ ಮಗಳು ಅರ್ಪಿತಾಳನ್ನು ಕೊಟ್ಟ ಊರು. ಮಳೆಗಾಲದಲ್ಲಿ ಅಲ್ಲಿ ಕೊಡೆ ಮಡಚುವ ಹಾಗಿಲ್ಲ, ಆದರೆ ಅವರ ಗುಡ್ಡದ ತೋಟಕ್ಕೆ ಬೇಸಿಗೆಯಲ್ಲಿ ನೀರು ಹತ್ತುವುದಿಲ್ಲ. ಹೊಸ ತಳಿ ಬರುತ್ತದಂತೆ, ಮಾವ ಹೆಸರು ಬರೆಸಿದ್ದಾರೆ, ನಾನೂರು ಗುಂಡಿ ತೆಗೆಸಿದ್ದೇವೆ ಎಂದು ಅರ್ಪಿತಾ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದಳು. ಆ ನಾನೂರು ಗುಂಡಿಯಲ್ಲೂ ನಾಲ್ಕನೇ ಸಾಲಿನ ಗಿಡವೇ ನಿಂತರೆ? ಅಲ್ಲಿ ದಿನ ಬಿಟ್ಟು ದಿನ ಕೊಡ ಹೊರುವವರು ಯಾರು?

ಹೇಳದಿದ್ದರೆ ಶಾಂತಕ್ಕನ ಹೊರತು ಯಾರಿಗೂ ಗೊತ್ತಾಗುತ್ತಿರಲಿಲ್ಲ. ವನಜಮ್ಮ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ಮೇಡಂ, ಅದನ್ನ ಹಾಗೆ ಬರೀಬೇಡಿ. ಆ ಸಾಲಿಗೆ ನಾನು ನೀರು ಹಾಕಿದೀನಿ."

ಕೃಷ್ಣಪ್ಪನಿಗೆ ಸಿಟ್ಟು ಬಂತು. "ಮಾತು ಕೊಟ್ಟಿದ್ದು ನಾನಲ್ಲವಾ ಮಾರಾಯ್ತಿ," ಎಂದು ಅಷ್ಟೇ ಹೇಳಿ ತಲೆ ತಗ್ಗಿಸಿ ನಿಂತ. ಶಿಲ್ಪಶ್ರೀ ತಾನು ಬರೆದ ಅಂಕಿಗಳನ್ನು ಮತ್ತೊಮ್ಮೆ ನೋಡಿದಳು. ಎರಡು ವರ್ಷದ ಕೆಲಸ ಅದು. ಆಮೇಲೆ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು, ಯಾವ ಸಾಲಿಗೆ, ಯಾವಾಗಿನಿಂದ, ಎಷ್ಟು ಕೊಡ ಎಂದು ಒಂದೊಂದಾಗಿ ಕೇಳಿದಳು. ವನಜಮ್ಮ ಒಂದನ್ನೂ ಮುಚ್ಚಿಡಲಿಲ್ಲ.

"ಎರಡನೇ ಸಾಲಿಗೆ?"

"ಅದಕ್ಕೆ ಹಾಕಲಿಲ್ಲ."

"ಅದರ ಮೇಲೆ ಕನಿಕರ ಬರಲಿಲ್ವಾ?"

"ಅದು ಕೇಳಲೇ ಇಲ್ಲ ಮೇಡಂ. ಮಧ್ಯಾಹ್ನ ಸ್ವಲ್ಪ ಎಲೆ ಮಡಚಿಕೊಳ್ತಿತ್ತು. ಹಾಲು ಕರೆಯೋ ಹೊತ್ತಿಗೆ ತಾನೇ ಬಿಡಿಸಿಕೊಂಡು ನಿಲ್ತಿತ್ತು. ನಾಲ್ಕನೇದು ಹಾಗಲ್ಲ, ಒಂದು ಸಲ ಬಿದ್ದ ಎಲೆ ಮಾರನೇ ಬೆಳಿಗ್ಗೆಗೂ ಏಳ್ತಿರಲಿಲ್ಲ."

ಶಿಲ್ಪಶ್ರೀ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ನಾನು ಬರುವುದು ತಿಂಗಳಿಗೊಮ್ಮೆ, ದಿನಾ ನೋಡುವ ಕಣ್ಣು ನಿಮ್ಮದು, ನನಗೆ ಬೇಕಾಗಿದ್ದ ಮಾಹಿತಿ ಇದೇ ಎಂದಳು. ಈ ವರ್ಷ ಈ ತೋಟದ ಲೆಕ್ಕ ಹಿಡಿಯುವ ಹಾಗಿಲ್ಲ, ಅದನ್ನು ಹೊಡೆದುಹಾಕುತ್ತೇನೆ. ಬರುವ ಬೇಸಿಗೆಯಲ್ಲಿ ಮತ್ತೆ ನೋಡೋಣ, ಆದರೆ ಆಗ ಗಿಡಗಳ ದಿನಚರಿ ಬರೆಯುವವರು ನೀವೇ ಎಂದು ಒಂದು ನೋಟ್‌ಬುಕ್ ಕೊಟ್ಟು ಹೋದಳು.

ಆ ಮುಂದಿನ ಬೇಸಿಗೆ ವನಜಮ್ಮನಿಗೆ ಸುಲಭವಾಗಿರಲಿಲ್ಲ. ಬೆಳಿಗ್ಗೆ, ಸಂಜೆ ಹೋಗಿ ನೋಡುವಳು, ಯಾವ ಗಿಡ ಬಾಡಿತು, ಯಾವುದು ಎದ್ದಿತು ಎಂದು ಬರೆಯುವಳು, ಕೈ ಕಟ್ಟಿಕೊಂಡು ವಾಪಸ್ ಬರುವಳು. ಒಂದು ದಿನ ಶಾಂತಕ್ಕ ತಾನೇ ಕೊಡ ಹೊತ್ತು ಬೇಲಿ ದಾಟಿ ಬಂದಾಗ, ಅವಳನ್ನು ತಡೆದು ಆ ನೀರನ್ನು ದನದ ಬಾನಿಗೆ ಹೊಯ್ಸಿದಳು. ನಾಲ್ಕನೇ ಸಾಲಿನಲ್ಲಿ ಉಳಿದಿದ್ದ ಒಂಬತ್ತು ಗಿಡಗಳಲ್ಲಿ ಆರು ಸತ್ತವು. ಪ್ರತಿ ಗಿಡ ಒಣಗಿದ ದಿನವೂ ಅವಳಿಗೆ ಊಟ ಸೇರಲಿಲ್ಲ. ಆದರೆ ಎರಡನೇ ಸಾಲಿನ ಒಂಬತ್ತಕ್ಕೆ ಒಂಬತ್ತೂ ನಿಂತವು. ಮೇ ತಿಂಗಳಲ್ಲಿ ಒಂದು ಸಣ್ಣ ಮಳೆ ಬಿದ್ದದ್ದೇ ಅವುಗಳಲ್ಲಿ ಕೆಲವು ಹೂವನ್ನೂ ಬಿಟ್ಟವು. ವನಜಮ್ಮ ಒಂದು ಹೂವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು.

ಉಳಿದ ಮೂರು ತೋಟಗಳಲ್ಲಿ ಎರಡು ಕಡೆ ಈ ಎರಡನೇ ಸಾಲಿನ ಬಗೆಯೇ ಗೆದ್ದಿತ್ತು. ಒಂದು ಕಡೆ ಮಾತ್ರ ಐದನೇ ಬಗೆ ಮೇಲಾಗಿತ್ತು. ಇದೇ ಕಡೆಯ ಮಾತು ಎಂದು ಶಿಲ್ಪಶ್ರೀ ಹೇಳಲಿಲ್ಲ. ಫಸಲು ಎಷ್ಟು ಬರುತ್ತದೆ, ಕಾಂಡ ಕೊರೆಯುವ ಹುಳ ಬಿದ್ದರೆ ತಡೆಯುತ್ತದಾ, ಕಾಳು ಹೇಗಿರುತ್ತದೆ ಎಂದು ಇನ್ನೂ ಮೂರು ನಾಲ್ಕು ಕೊಯ್ಲು ನೋಡಬೇಕು. ಆದರೂ ಆ ಗಿಡಗಳ ಚಿಗುರು ಕಡ್ಡಿ ತೆಗೆದು ಬೇರು ಬರಿಸಿದರು. ರೋಬಸ್ಟಾ ಬೀಜದ ಗಿಡ ತಾಯಿಯ ಹಾಗೆಯೇ ಬರುತ್ತದೆ ಎಂಬ ನಂಬಿಕೆ ಇಲ್ಲ, ಕಡ್ಡಿಯಿಂದ ಬಂದದ್ದು ತಾಯಿಯಂತೆಯೇ ಇರುತ್ತದೆ. ಹಾಗೆ ಎಬ್ಬಿಸಿದ ಐವತ್ತು ಗಿಡ ಪರೀಕ್ಷೆಗೆಂದು ಸಿರಿಮನೆಯ ಗುಡ್ಡಕ್ಕೆ ಹೋದವು. ನಾನೂರರಲ್ಲಿ ಉಳಿದ ಗುಂಡಿಗಳಿಗೆ ಅರ್ಪಿತಾಳ ಮಾವ ಸದ್ಯಕ್ಕೆ ಪರಿಚಯದ ತಳಿಯನ್ನೇ ನೆಟ್ಟು, ಬುಡಕ್ಕೆ ದಪ್ಪಗೆ ಒಣಗಿದ ಎಲೆಯ ದರಗು ಮುಚ್ಚಿದರು.

ಆ ತಿಂಗಳ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ವನಜಮ್ಮ ಎದ್ದು ನಿಂತು, ತಾನು ಕದ್ದು ನೀರು ಹಾಕಿದ ಕಥೆಯನ್ನು ತಾನೇ ಹೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹಿಂದೆ ಕೂತಿದ್ದ ಶಾಂತಕ್ಕ, ಈ ಗಿಡ ನಮ್ಮ ಕೈಗೆಲ್ಲ ಸಿಗುವುದಕ್ಕೆ ಇನ್ನು ಎಷ್ಟು ವರ್ಷ ಬೇಕು ಎಂದು ಕೇಳಿದಳು.

"ಐದು ವರ್ಷ ಆಗಬಹುದಂತೆ," ಎಂದಳು ವನಜಮ್ಮ. "ನಮ್ಮ ಕೈಯಿಂದ ಅದು ಆರು ಆಗೋದು ಬೇಡ."

ಕಾಫಿ ಬೆಳೆಯುವ ಅಕ್ಕಂದಿರೇ, ಅಣ್ಣಂದಿರೇ, ಬರ ತಡೆಯುವ ಗಿಡ ಸಂಶೋಧನೆಯ ಕೋಣೆಯಲ್ಲಿ ಮಾತ್ರ ಹುಟ್ಟುವುದಿಲ್ಲ. ಅದು ನಿಮ್ಮ ತೋಟದ ಬಿಸಿಲಿನಲ್ಲಿ ಗಟ್ಟಿಯಾಗಬೇಕು. ನಿಮ್ಮಲ್ಲಿ ಪರೀಕ್ಷೆಯ ಗಿಡ ನೆಡುತ್ತೇವೆ ಎಂದು ಬಂದವರಿಗೆ ನಾಲ್ಕು ಸೆಂಟ್ ಜಾಗ ಕೊಡಿ. ಹೇಳಿದ ಹಾಗೆ ನೋಡಿಕೊಳ್ಳಿ, ತಪ್ಪಿದರೆ ತಪ್ಪಿದೆ ಎಂದು ಹೇಳಿಬಿಡಿ. ಹೊಸ ತಳಿ ಎಂದು ಯಾರೋ ಕೊಟ್ಟ ಬೀಜವನ್ನು ವಿಚಾರಿಸದೆ ನೆಡಬೇಡಿ. ನಿಮ್ಮ ಹಳೇ ತೋಟದಲ್ಲೇ ಯಾವುದಾದರೂ ಗಿಡ ಸುಡುಬಿಸಿಲಿನಲ್ಲೂ ಹಸಿರಾಗಿ ನಿಂತಿದ್ದರೆ, ಅದಕ್ಕೆ ಒಂದು ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿ, ಹತ್ತಿರದ ಕಾಫಿ ಕಚೇರಿಗೆ ತಿಳಿಸಿ. ಈ ಏಪ್ರಿಲ್‌ನಲ್ಲಿ ಒಮ್ಮೆ ತೋಟ ಸುತ್ತಿ ಬನ್ನಿ. ನಾಳೆ ಊರಿಗೆಲ್ಲ ಆಗುವ ಗಿಡ ಇವತ್ತು ನಿಮ್ಮ ಬೇಲಿಯ ಪಕ್ಕದಲ್ಲೇ ನಿಂತಿರಬಹುದು.