ಸಂಜೆಯ ಸೊಸೆಯ ಓದುಗರು

“ಕಡೀಕ ಆಕಿ ಸಾಯಬಾರದಿತ್ರಿ ಯಪ್ಪಾ,” ಎಂದು ವೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಪ್ರಶಾಂತ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟ. ‘ಸಂಜೆಯ ಸೊಸೆ’ ಕಾದಂಬರಿಯಲ್ಲಿ ಯಾರೂ ಸಾಯುವುದಿಲ್ಲ. ಯಾರೂ ಹುಟ್ಟುವುದೂ ಇಲ್ಲ. ಅಂಥ ಕಾದಂಬರಿಯೇ ಇಲ್ಲ. ಅದು ಅವನೇ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಕೂತು, ಇಡ್ಲಿ ಬರುವಷ್ಟರೊಳಗೆ ಹುಟ್ಟಿಸಿದ ಹೆಸರು.

ಹುಟ್ಟಿಸದೆ ವಿಧಿಯಿರಲಿಲ್ಲ. ‘ರಾಷ್ಟ್ರೀಯ ಸಾಹಿತ್ಯ ಸಂಸ್ಕೃತಿ ಮತ್ತು ಗ್ರಾಮೀಣ ಓದುಗ ಸಮುದಾಯಗಳು’ ಎಂಬುದು ಅವನ ಸಂಶೋಧನೆಯ ವಿಷಯ; ಅದನ್ನು ಕೇಳಿದವರು ತಕ್ಷಣ ಮಳೆಬೆಳೆಯ ಮಾತು ತೆಗೆಯುತ್ತಿದ್ದರು. ಜನರಿಗೆ ಐದು ಕಾದಂಬರಿಗಳ ಹೆಸರು ಹೇಳಿ, ಯಾವುದನ್ನು ಓದಿದ್ದೀರಿ ಎಂದು ಕೇಳಬೇಕು. ಐದರಲ್ಲಿ ಒಂದು ಸುಳ್ಳು ಹೆಸರು. ಅದನ್ನೂ ಓದಿದ್ದೇನೆ ಎಂದವರ ಮಾತನ್ನು ನಂಬಬಾರದು. ಇಲಿಬೋನಿನಷ್ಟು ಸರಳವಾದ ಉಪಾಯ. ಹಾನಗಲ್ಲಿನಲ್ಲಿ ಬೋನು ಇಟ್ಟ, ಸವಣೂರಿನಲ್ಲಿ ಇಟ್ಟ, ಶಿಗ್ಗಾಂವಿಯಲ್ಲಿ ಇಟ್ಟ. ಎಲ್ಲರೂ ನಗುನಗುತ್ತಾ ಒಳಗೆ ಬಂದು ಬಿದ್ದರು.

ಸುಳ್ಳು ಹೇಳುವ ಜನವೇನಲ್ಲ. ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದವನು ಅಷ್ಟು ಆಸೆಯಿಂದ ಕೇಳುವಾಗ ‘ಇಲ್ಲ’ ಅನ್ನುವುದು ಈ ಕಡೆ ಮರ್ಯಾದೆಯಲ್ಲ. “ಓದೇವ್ರಿ, ಭಾಳ ಚಲೋ ಐತ್ರಿ,” ಅನ್ನುತ್ತಿದ್ದರು. ಇನ್ನರ್ಧ ಕಪ್ಪು ಚಹಾ ಹಾಕುತ್ತಿದ್ದರು.

ಐದನೆಯ ಹೆಸರು ‘ನಿರ್ವಾತದ ಪರಿಧಿ’. ಅದು ಪ್ರಶಾಂತನೇ ಬರೆದ ಕಾದಂಬರಿ. ತನ್ನ ಪುಸ್ತಕವನ್ನು ತಾನೇ ತೂರಿಸುವುದು ಸಂಶೋಧನೆಯ ಶಿಸ್ತಿಗೆ ಸೇರಿದ್ದಲ್ಲ ಎಂದು ಅವನಿಗೂ ಗೊತ್ತಿತ್ತು. ಏನು ಮಾಡುವುದು, ಆಸೆ. ಹೆಂಡತಿ ಅಂಕಿತಾ ಒಂದೆರಡು ಪುಟ ಓದಿ, “ಆಮೇಲೆ ಓದ್ತೀನಿ,” ಅಂದಿದ್ದಳು. ಆ ‘ಆಮೇಲೆ’ ಇನ್ನೂ ಬಂದಿರಲಿಲ್ಲ. ಈ ಭೂಮಿಯ ಮೇಲೆ ಎಲ್ಲೋ ಒಬ್ಬರು, ಒಬ್ಬರೇ ಒಬ್ಬರು, ಅದನ್ನು ಕೊನೆಯವರೆಗೆ ಓದಿರಬೇಕು. ನಿಜ ಹೇಳಬೇಕೆಂದರೆ ಅವನು ನಾಲ್ಕು ತಾಲೂಕು ಸುತ್ತುತ್ತಿದ್ದುದು ಆ ಒಬ್ಬರಿಗಾಗಿ. ಇಂದು ಕೊನೆಯ ದಿನ, ಅಬಲೂರು ಕೊನೆಯ ಹಳ್ಳಿ.

“ಅಜ್ಜಿ, ‘ನಿರ್ವಾತದ ಪರಿಧಿ’?” ಎಂದು ಕೇಳಿದ.

“ಬೆಳೀಗೆ ಹೊಡಿಯೋ ಔಷಧೇನ್ರಿ ಅದು?”

“ಅಲ್ಲ, ಪುಸ್ತಕ.”

“ಗೊತ್ತಿಲ್ಲ ಬಿಡ್ರಿ. ನಾ ಸುಳ್ಳ ಹೇಳಾಕಿ ಅಲ್ಲ,” ಎಂದಳು ವೀರವ್ವ.

ಎಲ್ಲ ಊರಲ್ಲೂ ಇದೇ ಕಥೆ. ಇಷ್ಟು ಒಳ್ಳೆಯ ಜನ, ಈ ಒಂದು ಹೆಸರು ಬಂದ ಕೂಡಲೇ ಸತ್ಯವಂತರಾಗಿಬಿಡುತ್ತಿದ್ದರು. ಪ್ರಶಾಂತನಿಗೆ ಅಳು ಬಂದ ಹಾಗಾಯಿತು. ಅಳುವ ಬದಲು ಕನ್ನಡಕ ಒರೆಸಿಕೊಂಡ.

“ಸಂಜೆಯ ಸೊಸೆಯ ಕಥೆ ನಿಮಗೆ ಯಾರು ಹೇಳಿದರು?”

“ನಮ್ಮ ತಂಗಿ ಗಿರಿಜವ್ವರಿ. ಹಾನಗಲ್ಲಾಗ ಇರ್ತಾಳ. ಫೋನಿನ್ಯಾಗ ಹೇಳಿದ್ಲು. ಅಳಕೋತನ ಹೇಳಿದ್ಲು.”

ಅವನಿಗೆ ನೆನಪಾಯಿತು. ಹಾನಗಲ್ಲಿನಲ್ಲಿ ಒಬ್ಬಾಕೆ “ಓದೇನ್ರಿ” ಅಂದಾಗ, ಕೊನೆ ಹೇಗನ್ನಿಸಿತು ಎಂದು ಇವನೇ ಕೆದಕಿದ್ದ. ಪಾಪ, ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸಿ, ನಿಂತ ನಿಲುವಿನಲ್ಲೇ ಸೊಸೆಯನ್ನು ಕೊಂದುಹಾಕಿದ್ದಳು.

ಅವನು ಏಳಲು ಹೊರಟಾಗ ವೀರವ್ವ ಕೇಳಿದಳು. “ಹಿರೇಕೆರೂರಿಗೆ ಹೊಂಟೀರಲ್ರಿ, ಗಾಡ್ಯಾಗ ನನಗೂ ಜಾಗಾ ಐತೇನ್ರಿ? ಸಂಜೀಮುಂದ ಅಲ್ಲಿ ಕಾರ್ಯಕ್ರಮ ಐತಿ.”

“ಏನು ಕಾರ್ಯಕ್ರಮ?”

“ಸೊಸೀದ್ರಿ,” ಎಂದು ವೀರವ್ವ ಆಗಲೇ ಚಪ್ಪಲಿ ಮೆಟ್ಟತೊಡಗಿದಳು.

ಕಾರು ಗೋವಿನಜೋಳದ ಹೊಲಗಳ ನಡುವೆ ಸಾಗಿತು. ಹಿಂದಿನ ಸೀಟಿನಲ್ಲಿ ವೀರವ್ವನಿಗೆ ನಿದ್ದೆ ಹತ್ತಿತ್ತು. ಪ್ರಶಾಂತ ತಗ್ಗಿದ ದನಿಯಲ್ಲಿ ಡ್ರೈವರ್ ಮುಬಶೀರನಿಗೆ ಹೇಳಿದ. ಸವಣೂರಿನ ಮುಬಶೀರ ಈ ತಿರುಗಾಟದುದ್ದಕ್ಕೂ ಅವನ ಜೊತೆಗಿದ್ದವನು.

“ನೋಡು, ಅಂಥ ಪುಸ್ತಕವೇ ಇಲ್ಲ. ನಾನು ಸುಮ್ಮನೆ ಹುಟ್ಟಿಸಿದ ಹೆಸರು ಅದು.”

“ಹಂಗನಬ್ಯಾಡ್ರಿ ಸರ್,” ಎಂದ ಮುಬಶೀರ, ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿ. “ಮನ್ಯಾಗ ನನ್ನ ಹೇಂತಿ ಶಬೀನಾ ದಿನಾ ಕೇಳ್ತಾಳ, ಸೊಸೀದು ಮುಂದ ಏನಾತು ಅಂತ. ಆಕಿಗೆ ಏನ್ ಹೇಳ್ಲಿ?”

“ಪುಸ್ತಕ ಇಲ್ಲ ಅಂತ ಹೇಳು.”

“ಊಟಾ ಹಾಕಂಗಿಲ್ರಿ ಸರ್.”

ಅಷ್ಟರಲ್ಲಿ ಫೋನು. ಹಿರೇಕೆರೂರಿನ ಓದುಗರ ಬಳಗದ ಅಧ್ಯಕ್ಷ ಕುಬೇರಪ್ಪ, ಕಾಳುಕಡಿ ವ್ಯಾಪಾರಿ; ಪ್ರಶ್ನೆಪಟ್ಟಿಯ ಕೆಳಗಿದ್ದ ನಂಬರು ಹೇಗೋ ಅವರ ಕೈ ಸೇರಿತ್ತು. ದನಿ ಫೋನಿಗೆ ಅಗತ್ಯವಿಲ್ಲದಷ್ಟು ದೊಡ್ಡದು.

“ಡಾಕ್ಟರ್ ಸಾಹೇಬ್ರ, ಇವತ್ತು ನೀವ ಮುಖ್ಯ ಅತಿಥಿ. ಬ್ಯಾನರಿನ್ಯಾಗ ಹೆಸರು ಹಾಕಿಸಿಬಿಟ್ಟೇವ್ರಿ. ಸಾಹಿತಿಗಳ ನಂಬರ್ ಇದ್ರ ಕೊಡ್ರಿ.”

“ಯಾವ ಸಾಹಿತಿ?”

“‘ಸಂಜೆಯ ಸೊಸೆ’ ಬರದವ್ರು!”

“ಅವರು... ಸಿಗುವುದಿಲ್ಲ.”

“ದೊಡ್ಡವ್ರು ಸಿಗೂದಿಲ್ಲ ಬಿಡ್ರಿ. ಇರಲಿ, ಬಂದ್ರ ಬರ್ಲಿ, ಒಂದು ಕುರ್ಚಿ ಹಾಕಿರ್ತೇವಿ.”

ಸತ್ಯ ಹೇಳಿಬಿಡಬೇಕು ಎಂದುಕೊಂಡ ಪ್ರಶಾಂತ. ಫೋನು ಕಟ್ಟಾಗಿತ್ತು. ವೇದಿಕೆಯ ಮೇಲೆ ಹೇಳುವುದೇ ಸರಿ, ಸತ್ಯಕ್ಕೆ ಮೈಕು ಇರಬೇಕು ಎಂದು ಸಮಾಧಾನ ಮಾಡಿಕೊಂಡ. ಬಗಲಿನ ಚೀಲದಲ್ಲಿ ‘ನಿರ್ವಾತದ ಪರಿಧಿ’ಯ ಒಂದು ಪ್ರತಿ ಯಾವಾಗಲೂ ಇರುತ್ತಿತ್ತು. ಅದನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಸಮುದಾಯ ಭವನ ಕಿಕ್ಕಿರಿದಿತ್ತು. ಅವನು ಅಂತರರಾಷ್ಟ್ರೀಯ ವಿಚಾರ ಸಂಕಿರಣಗಳನ್ನು ನೋಡಿದವನು. ಅಲ್ಲಿ ಊಟದ ಹೊತ್ತಿಗೆ ಮಾತ್ರ ಜನ ಸೇರುತ್ತಿದ್ದರು. ಇಲ್ಲಿ ಊಟದ ಸುಳಿವೇ ಇಲ್ಲ, ಕಿಟಕಿಗಳಲ್ಲೂ ತಲೆಗಳಿದ್ದವು. ವೀರವ್ವ ಮುಂದಿನ ಸಾಲಿನಲ್ಲಿ ಯಾರನ್ನೋ ಸರಿಸಿ ಕೂತಳು. ವೇದಿಕೆಯ ನಟ್ಟನಡುವೆ, ಕೆಂಪು ಮಖಮಲ್ಲಿನ ಒಂದು ದೊಡ್ಡ ಕುರ್ಚಿ ಖಾಲಿಯಿತ್ತು. ಅದರ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಪ್ರಶಾಂತನದು.

“ದೂರದ ಮೈಸೂರಿನಿಂದ ಬಂದಂಥ ವಿದ್ವಾಂಸರು,” ಎಂದು ಕುಬೇರಪ್ಪ ಅವನನ್ನು ಪರಿಚಯಿಸಿದರು. ಪ್ರಶಾಂತ ಹುಟ್ಟಿದ್ದು ಶಿಗ್ಗಾಂವಿಯ ಕಾಳಿನ ಪ್ಯಾಟೆಯ ಹಿಂದಿನ ಓಣಿಯಲ್ಲಿ. ಯಾರೂ ಕೇಳಿರಲಿಲ್ಲ. ಎಂದೋ ಮೈಸೂರಿನದಾಗಿದ್ದ ಅವನ ನಾಲಿಗೆಯೂ ಹೇಳಿರಲಿಲ್ಲ.

ಚರ್ಚೆ ಶುರುವಾಯಿತು. ಮೊದಲು ಎದ್ದವರು ಹೈಸ್ಕೂಲಿನ ಜಯಾ ಟೀಚರ್.

“ಸೊಸಿ ಸತ್ತಿಲ್ರಿ. ತವರಿಗೆ ಹೋಗ್ಯಾಳ. ಲೇಖಕರು ಸೂಚ್ಯವಾಗಿ ಹೇಳ್ಯಾರ.”

“ಹೋಗೂದಿದ್ರ ಮುಂಜಾನೆ ಬಸ್ಸಿಗೆ ಹೋಗ್ತಿದ್ಲು,” ಎಂದು ಗೊಬ್ಬರದ ಅಂಗಡಿಯ ಗುತ್ತೆಪ್ಪ ಎದ್ದು ನಿಂತ. “ಸಂಜೀಮುಂದ ಯಾವ ಬಸ್ಸೈತ್ರಿ? ಅದಕ್ಕ ಸಂಜೆಯ ಸೊಸೆ ಅಂತ ಹೆಸರಿಟ್ಟಾರ. ಬಸ್ ತಪ್ಪಿದಾಕಿ ಆಕಿ!”

“ಆಹಾ!” ಎಂದು ಅರ್ಧ ಸಭೆ ಚಪ್ಪಾಳೆ ತಟ್ಟಿತು. ಉಳಿದರ್ಧ ಜಯಾ ಟೀಚರ್ ಕಡೆಗಿತ್ತು. ಅತ್ತೆಯದೂ ತಪ್ಪಿಲ್ಲ ಎಂದು ಹೆಂಗಸರ ಗುಂಪಿನಿಂದ ಒಂದು ದನಿ ಬಂತು. ಅದಕ್ಕೆ ಸಿಕ್ಕ ಉತ್ತರದಲ್ಲಿ ಕಾದಂಬರಿಯ ಅತ್ತೆಗಿಂತ ಹೆಚ್ಚಾಗಿ ದನಿಯ ಒಡತಿಯ ಮನೆ ವಿಷಯವೇ ಇತ್ತು. ಕುಬೇರಪ್ಪ ಮೇಜು ಗುದ್ದಿದರು.

ಪ್ರಶಾಂತ ಬೆರಗಾಗಿ ಕೂತಿದ್ದ. ಇಷ್ಟು ವರ್ಷ ಪಾಠ ಹೇಳಿದ್ದಾನೆ, ಒಂದು ಪುಸ್ತಕಕ್ಕಾಗಿ ಹೀಗೆ ಕಿತ್ತಾಡಿದ ಜನರನ್ನು ಕಂಡಿರಲಿಲ್ಲ. ಓದುಗ ಸಮುದಾಯ ಅಂದರೆ ಇದೇ. ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ. ಯಾರ ಮೇಲೆ ಎಂದು ನೋಡಿದರೆ ಅಲ್ಲಿ ಯಾರೂ ಇರಲಿಲ್ಲ, ಖಾಲಿ ಕುರ್ಚಿ ಇತ್ತು.

ಅವನ ಸರದಿ ಬಂತು. ಸತ್ಯ ಹೇಳಲೆಂದೇ ಮೈಕಿನ ಮುಂದೆ ನಿಂತ.

“ಆ ಕಾದಂಬರಿಯನ್ನು...” ಎಂದ. ಸಭೆ ಉಸಿರು ಹಿಡಿದು ಕೇಳುತ್ತಿತ್ತು. ಅವನ ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. “ಆ ಕಾದಂಬರಿಯನ್ನು ಬರೆದವನು ನಾನೇ.”

ಚಪ್ಪಾಳೆ ಛಾವಣಿಗೆ ಬಡಿಯಿತು. ವೀರವ್ವ ಎದ್ದು ನಿಂತು ಕೈಮುಗಿದಳು. ಒಂದು ಪುಟವನ್ನಾದರೂ ಓದಬೇಕೆಂದು ಕುಬೇರಪ್ಪ ಪಟ್ಟು ಹಿಡಿದರು. ಪ್ರಶಾಂತ ಚೀಲದಲ್ಲಿದ್ದ ತನ್ನ ಪುಸ್ತಕ ತೆಗೆದ. ಹೆಸರು ಕಾಣದಂತೆ ಮುಖಪುಟಕ್ಕೆ ಅಂಗೈ ಅಡ್ಡ ಹಿಡಿದು ಓದಿದ.

“‘ಅವನು ಇದ್ದ. ಇರುವುದೆಂದರೆ ಇರದಿರುವುದರ ಅಂಚು. ಅಂಚಿಗೆ ಅಂಚಿಲ್ಲ. ಅವನು ಗೋಡೆಯನ್ನು ನೋಡಿದ. ಗೋಡೆ ಅವನನ್ನು ನೋಡಲಿಲ್ಲ.’”

ವೇದಿಕೆಯ ಟೇಬಲ್ ಫ್ಯಾನಿನ ಗಾಳಿಗೆ ಪುಟ ಮಗುಚದಂತೆ ಹೆಬ್ಬೆರಳು ಒತ್ತಿಕೊಂಡ. ಹಿಂದೆ ಯಾರೋ ಕೆಮ್ಮಿದರು.

“ಸೊಸಿ ಯಾವಾಗ ಬರ್ತಾಳ್ರಿ?” ಎಂದ ಗುತ್ತೆಪ್ಪ.

“ಬರುತ್ತಾಳೆ,” ಎಂದು ಪ್ರಶಾಂತ ಇನ್ನೊಂದು ಪ್ಯಾರಾ ಓದಿದ. ಗೋಡೆ ಇನ್ನೂ ನೋಡಿರಲಿಲ್ಲ.

ಜಯಾ ಟೀಚರ್ ಎದ್ದರು. ಲೆಕ್ಕ ತಪ್ಪಿದ ಹುಡುಗನ ಜೊತೆ ಮಾತಾಡುವಷ್ಟು ಮೆತ್ತಗಿತ್ತು ಅವರ ದನಿ. “ಸರ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇದು ಆ ಪುಸ್ತಕ ಅಲ್ಲ.”

“ಇದೇ. ನಾನೇ ಬರೆದದ್ದು!”

“ನೀವ ಬರದಿರಬೇಕು, ಇಲ್ಲ ಅನ್ನಂಗಿಲ್ರಿ. ಆದ್ರ ಅದು ಹಿಂಗಿಲ್ಲ. ಅದು ಚಲೋ ಐತಿ.”

ಪ್ರಶಾಂತನ ತಲೆ ಕೆಟ್ಟುಹೋಯಿತು. “ಅಂಥ ಪುಸ್ತಕವೇ ಇಲ್ಲ!” ಎಂದು ಕೂಗಿದ. ಮೈಕು ಕಿರ್ರೆಂದಿತು. “ನೀವು ಯಾರೂ ಓದಿಲ್ಲ! ನಿಮ್ಮನ್ನು ಪರೀಕ್ಷೆ ಮಾಡಲು ನಾನೇ ಹುಟ್ಟಿಸಿದ ಸುಳ್ಳು ಹೆಸರು ಅದು! ಸೊಸೆಯೂ ಇಲ್ಲ, ಅತ್ತೆಯೂ ಇಲ್ಲ, ಬಸ್ಸೂ ಇಲ್ಲ!”

ಯಾರೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ಕನಿಕರದಿಂದ ನೋಡಿದರು. ಕುಬೇರಪ್ಪ ಬಂದು ಹೆಗಲ ಮೇಲೆ ಕೈಯಿಟ್ಟು, ಮೈಕಿಗೆ ಕೇಳಿಸದಂತೆ ಹೇಳಿದರು.

“ಸರ್, ಓದಿಲ್ಲಂದ್ರ ಓದಿಲ್ಲ ಅನ್ರಿ. ಅದರಾಗ ನಾಚಿಕಿ ಏನೈತ್ರಿ? ಅಷ್ಟಕ್ಕ ಪುಸ್ತಕನ ಇಲ್ಲ ಅಂದ್ರ ಹೆಂಗ?”

“ಕುಬೇರಪ್ಪನವರೇ, ದಯವಿಟ್ಟು...”

“ಬಿಸಲಾಗ ಅಡ್ಡಾಡೀರಿ. ಕುಂದರ್ರಿ, ಕುಂದರ್ರಿ. ಏ, ಸರ್‌ಗೆ ನೀರ್ ಕೊಡ್ರಿ.”

ಅವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೀರು ಕುಡಿದ. ಸನ್ಮಾನ ಶುರುವಾಯಿತು. ಮಖಮಲ್ಲಿನ ಕುರ್ಚಿಯ ಬೆನ್ನಿಗೆ ಜಯಾ ಟೀಚರ್ ಶಾಲು ಹೊದಿಸಿದರು. ಗುತ್ತೆಪ್ಪ ಮೇಲೊಂದು ಏಲಕ್ಕಿ ಹಾರ ಹಾಕಿ, ಕುರ್ಚಿಯ ಕಾಲು ಮುಟ್ಟಿ ನಮಸ್ಕರಿಸಿದ. ಹಾವೇರಿಯ ಏಲಕ್ಕಿ ಹಾರ. ಅದರ ಘಮ ಪ್ರಶಾಂತನವರೆಗೂ ಬಂತು.

“ಸಾಹಿತಿಗಳಿಗೆ ಒಂದು ಪುಸ್ತಕ ಕಾಣಿಕಿ ಕೊಡೂದು ಮರತೇವಲ್ರೀ!” ಎಂದು ಕುಬೇರಪ್ಪ ಹಣೆ ಚಚ್ಚಿಕೊಂಡರು. ಅತ್ತಿತ್ತ ನೋಡಿದರು. ಪ್ರಶಾಂತನ ತೊಡೆಯ ಮೇಲಿದ್ದ ‘ನಿರ್ವಾತದ ಪರಿಧಿ’ ಕಣ್ಣಿಗೆ ಬಿತ್ತು. “ಇದನ್ನ ಕೊಡೂಣೇನ್ರಿ? ನಾವಂತೂ ಓದಂಗಿಲ್ಲ. ಅವ್ರು ದೊಡ್ಡವ್ರು, ಓದ್ತಾರ.”

ಪ್ರಶಾಂತ ಬೇಡ ಎನ್ನಬೇಕೆಂದಿದ್ದ. ಆದರೆ ‘ಓದ್ತಾರ’ ಎಂಬ ಮಾತು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಮುಂದೆ ಹೋಯಿತು. ಪುಸ್ತಕ ಕೊಟ್ಟುಬಿಟ್ಟ. ಕುಬೇರಪ್ಪ ಅದನ್ನು ಕುರ್ಚಿಯ ಮೇಲೆ ಬಿಡಿಸಿ ಇಟ್ಟರು. ಚಪ್ಪಾಳೆ ಬಿತ್ತು.

“ಸರ್, ನೀವು ಸ್ವಲ್ಪ ಸರೀರಿ,” ಎಂದು ಫೋಟೋದವನು ಕೆಳಗಿನಿಂದ ಕೈಬೀಸಿದ. “ಸಾಹಿತಿಗಳು ಕಾಣವಲ್ರು.”

ಪ್ರಶಾಂತ ಸರಿದ. ಫೋಟೋದವನು ಇನ್ನೂ ಸರಿಯಲು ಹೇಳಿದ, ಇವನು ಇನ್ನೂ ಸರಿದ. ಕೊನೆಗೆ ವೇದಿಕೆಯಿಂದಲೇ ಇಳಿದು ವೀರವ್ವನ ಪಕ್ಕ ನಿಂತ. ಟೇಬಲ್ ಫ್ಯಾನು ಕುರ್ಚಿಯ ಕಡೆ ತಿರುಗಿದಾಗ ಪುಟಗಳು ಒಂದೊಂದಾಗಿ ಮಗುಚಿಕೊಂಡವು. ಮೊದಲ ಪುಟಗಳು ಹೋದವು. ಅಂಕಿತಾ ನಿಲ್ಲಿಸಿದ್ದ ಜಾಗ ದಾಟಿತು. ಸಭೆ ಗಪ್‌ಚುಪ್ ಆಗಿ ನೋಡುತ್ತಿತ್ತು.

“ವೀರವ್ವ, ಅದು ನನ್ನ...” ಎಂದು ಪ್ರಶಾಂತ ಬಾಯಿ ತೆರೆದ.

ವೀರವ್ವ ಅವನ ಕಡೆ ತಿರುಗದೆ, ತುಟಿಯ ಮೇಲೆ ಬೆರಳಿಟ್ಟು ಗದರಿಸಿದಳು.

“ಸಪ್ಪಳ ಮಾಡಬ್ಯಾಡ್ರಿ ಯಪ್ಪಾ. ಅವ್ರು ಓದಾಕತ್ತಾರ.”